ಜೋಗದ ಬೆಳಕು, ನಮ್ಮ ಮೊಗಸಾಲೆಯ ದೀಪ

ನಮ್ಮ ಪ್ರೌಢಶಾಲೆಗೆ 50 ವರ್ಷ ತುಂಬಿದ ಈ ಸಂದರ್ಭದಲ್ಲಿ ಶಾಲೆಯ ಕಟ್ಟಡ, ಶಿಕ್ಷಕರು, ಫಲಿತಾಂಶಗಳ ಬಗ್ಗೆ ಹಲವರು ಬರೆದಿದ್ದಾರೆ. ನಾನು ದೀಪದ ಬಗ್ಗೆ ಬರೆಯುತ್ತೇನೆ. ನಮ್ಮ ಸೀಮೆಗೆ ವಿದ್ಯುತ್ತು ಬಂದದ್ದು ಹೇಗೆ, ಈಗ ಅದೇ ದೀಪವನ್ನು ಮಕ್ಕಳು ಗುಂಡಿ ಒತ್ತದೆ ಹೊತ್ತಿಸುತ್ತಿರುವುದು ಹೇಗೆ ಎಂಬುದೂ ಶಾಲೆಯ ಚರಿತ್ರೆಗೆ ಸೇರಿದ ವಿಷಯವೇ.

ಮೈಸೂರು ಸಂಸ್ಥಾನದಲ್ಲಿ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಆಗ ಬುಡ್ಡಿದೀಪ, ಲಾಟೀನುಗಳದ್ದೇ ಕಾಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿದಾಗ ಕುಲುಮೆ ಉರಿದದ್ದು ಮಲೆನಾಡಿನ ಮರದ ಇದ್ದಿಲಿನಿಂದ. ಜೋಗದ ವಿದ್ಯುದಾಗಾರ 1948ರಲ್ಲಿ ಉದ್ಘಾಟನೆಯಾಯಿತು. ಮುಂದೆ ಅದಕ್ಕೆ ಮಹಾತ್ಮ ಗಾಂಧಿಯವರ ಹೆಸರಿಟ್ಟರು. 1950ರ ದಶಕದಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದವು.

ಈ ಬೆಳಕು ಪುಕ್ಕಟೆಯಾಗಿ ಬಂದದ್ದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಆದರೆ ಆ ಹಿನ್ನೀರಿನಲ್ಲಿ ಗದ್ದೆ, ತೋಟ, ದೇವಸ್ಥಾನ ಎಲ್ಲ ಮುಳುಗಿದವು. ಮುಳುಗಡೆಯ ಕುಟುಂಬಗಳು ಶಿವಮೊಗ್ಗದ ಸುತ್ತಮುತ್ತಲಿನ ಕಾಡಂಚಿಗೆ ಬಂದು ನೆಲೆಸಿದವು. ನಾಡಿಗೆ ಬೆಳಕು ಕೊಟ್ಟವರಲ್ಲಿ ಎಷ್ಟೋ ಮಂದಿ ತಮ್ಮ ಮನೆಗೆ ದೀಪ ಬರಲು, ಜಮೀನಿಗೆ ಹಕ್ಕುಪತ್ರ ಸಿಗಲು ವರ್ಷಗಟ್ಟಲೆ ಕಾದರು.

1965ರಲ್ಲಿ ಭದ್ರಾವತಿ ಆಕಾಶವಾಣಿ ಶುರುವಾಯಿತು. ಮನೆಮನೆಗೆ ರೇಡಿಯೊ ಬಂದಂತೆ ಪೇಟೆಯಲ್ಲಿ ರೇಡಿಯೊ ರಿಪೇರಿ ಅಂಗಡಿಗಳೂ ಬಂದವು. ಬೆಸುಗೆ ಕಡ್ಡಿ ಹಿಡಿಯುವುದನ್ನು ನಮ್ಮ ಕಡೆಯ ಹುಡುಗರು ಮೊದಲು ಕಲಿತದ್ದು ಆ ಅಂಗಡಿಗಳಲ್ಲಿ. ನಮ್ಮ ಶಾಲೆ ಹುಟ್ಟಿದ 1970ರ ದಶಕದಲ್ಲೇ ದೂರದ ಅಮೆರಿಕದಲ್ಲಿ ಒಂದೇ ಚಿಪ್ಪಿನೊಳಗೆ ಲೆಕ್ಕ ಮಾಡುವ ಭಾಗ, ನೆನಪು, ಹೊರಗಿನ ತಂತಿಗಳಿಗೆ ದಾರಿ ಮೂರನ್ನೂ ಕೂಡಿಸಿದ ಮೈಕ್ರೋಕಂಟ್ರೋಲರ್ ಮಾರುಕಟ್ಟೆಗೆ ಬಂದಿತು. 1980ರಲ್ಲಿ ಶಿವಮೊಗ್ಗದಲ್ಲಿ ಜವಾಹರಲಾಲ್ ನೆಹರೂ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಆದರೂ ಅಂಥ ಚಿಪ್ಪು ಪ್ರೌಢಶಾಲೆಯ ಮಕ್ಕಳ ಕೈಗೆ ಸಿಗಲು ಇನ್ನೂ ಬಹುಕಾಲ ಬೇಕಾಯಿತು. ಇಟಲಿಯಲ್ಲಿ 2005ರಲ್ಲಿ ವಿದ್ಯಾರ್ಥಿಗಳಿಗಾಗಿಯೇ ರೂಪಿಸಿದ ಆರ್ಡುಯಿನೊ ಎಂಬ ಅಗ್ಗದ ಬೋರ್ಡು ಆ ಬಾಗಿಲು ತೆರೆಯಿತು. 2016ರಲ್ಲಿ ಆರಂಭವಾದ ಅಟಲ್ ನಾವೀನ್ಯತಾ ಅಭಿಯಾನದ ಟಿಂಕರಿಂಗ್ ಲ್ಯಾಬುಗಳ ಮೂಲಕ ಅದು ದೇಶದ ಸಾವಿರಾರು ಶಾಲೆಗಳಿಗೆ ತಲುಪಿತು.

ನಮ್ಮ ಮಕ್ಕಳು ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಾಡಿದ ದೀಪದ ಗುಟ್ಟು ಬಾವಲಿಯದು. ದೂರ ಅಳೆಯುವ ಸೆನ್ಸರಿಗೆ ಎರಡು ಕಣ್ಣಿನಂಥ ಭಾಗಗಳಿವೆ. ಒಂದು ನಮ್ಮ ಕಿವಿಗೆ ಕೇಳದ, ಸೆಕೆಂಡಿಗೆ 40,000 ಕಂಪನದ ಶಬ್ದ ಹೊರಡಿಸುತ್ತದೆ. ಇನ್ನೊಂದು ಅದರ ಪ್ರತಿಧ್ವನಿಗೆ ಕಾಯುತ್ತದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಆದ್ದರಿಂದ ಒಂದು ಮೀಟರ್ ದೂರದಲ್ಲಿ ನಿಂತವರನ್ನು ತಾಗಿ ಮರಳಲು ಸೆಕೆಂಡಿನ ಸಾವಿರದಲ್ಲಿ ಸುಮಾರು ಆರು ಭಾಗ ಸಾಕು. ಹೋಗಿ ಬಂದ ಹೊತ್ತನ್ನು ಅರ್ಧ ಮಾಡಿ ವೇಗದಿಂದ ಗುಣಿಸಿದರೆ ದೂರ ಸಿಗುತ್ತದೆ. ದೂರ ನಾವು ಹೇಳಿದ್ದಕ್ಕಿಂತ ಕಡಿಮೆಯಾದರೆ ಚಿಪ್ಪು ದೀಪ ಹೊತ್ತಿಸುತ್ತದೆ, ಹೆಚ್ಚಾದರೆ ಆರಿಸುತ್ತದೆ. ಗಡಿಯಲ್ಲೇ ನಿಂತರೆ ದೀಪ ಮಿಣಿಮಿಣಿ ಎನ್ನುವುದನ್ನು ಮಕ್ಕಳೇ ಕಂಡುಕೊಂಡರು. 100 ಸೆಂಟಿಮೀಟರಿಗೆ ಹೊತ್ತಿಸಿ, 120 ದಾಟಿದ ಮೇಲೆ ಆರಿಸುವಂತೆ ಬರೆದು ಸರಿಪಡಿಸಿದರು. ಮಾದರಿಗೆ ಸಣ್ಣ ಎಲ್‌ಇಡಿ ಸಾಕು. ಮನೆಯ 230 ವೋಲ್ಟಿನ ದೀಪಕ್ಕೆ ರಿಲೇ ಬೇಕು, ಆ ಕೆಲಸಕ್ಕೆ ಬಲ್ಲ ಹಿರಿಯರೊಬ್ಬರು ಜೊತೆಗಿರಲೇಬೇಕು.

ಇದು ಬರೀ ಆಟವೇ ಎಂದು ಕೇಳುವವರಿದ್ದಾರೆ. ಒಂದು ಲೆಕ್ಕ ಹಾಕೋಣ. 40 ವ್ಯಾಟಿನ ಒಂದು ಟ್ಯೂಬ್‌ಲೈಟು ಖಾಲಿ ಮೊಗಸಾಲೆಯಲ್ಲಿ ದಿನಕ್ಕೆ ಐದು ಗಂಟೆ ಉರಿದರೆ ಶಾಲೆ ನಡೆಯುವ 200 ದಿನಗಳಲ್ಲಿ 40 ಯೂನಿಟ್ ವ್ಯರ್ಥ. ಹತ್ತು ದೀಪಕ್ಕೆ 400 ಯೂನಿಟ್. ವಿದ್ಯುತ್ ಬಿಲ್ಲಿನಲ್ಲಿ ಅದು ಕೆಲವು ಸಾವಿರ ರೂಪಾಯಿ ಇರಬಹುದು. ಆದರೆ ಶರಾವತಿಯ ಕಣಿವೆಯಲ್ಲಿ ಮನೆಮಠ ಬಿಟ್ಟುಬಂದವರ ಮೊಮ್ಮಕ್ಕಳು ಈ ಸೀಮೆಯ ಶಾಲೆಗಳಲ್ಲಿ ಓದುತ್ತಿರುವಾಗ ನಮಗೆ ಅದು ರೂಪಾಯಿಯ ಲೆಕ್ಕ ಮಾತ್ರವಲ್ಲ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಸುವರ್ಣ ಮಹೋತ್ಸವದ ನೆನಪಿಗೆ ಪ್ರತಿಮೆ, ಫಲಕಗಳ ಜೊತೆಗೆ ಶಾಲೆಯ ಮೊಗಸಾಲೆಗೆ ಇಂಥ ದೀಪಗಳನ್ನೂ ಹಾಕಿಸೋಣ. ಅವನ್ನು ಜೋಡಿಸುವ ಕೆಲಸ ಮಕ್ಕಳದ್ದಾಗಲಿ. ಪಕ್ಕದ ಗೋಡೆಯ ಮೇಲೆ ಜೋಗ, ಲಿಂಗನಮಕ್ಕಿ, ಮುಳುಗಡೆ ಎಂಬ ಮೂರು ಹೆಸರುಗಳನ್ನೂ ಅವರೇ ಬರೆಯಲಿ.