ಪಿತ್ತಗಂಧೆ ಮತ್ತು ಕೊಬ್ಬಿದ ಕಣ

ಮಳೆಗಾಲ ಶುರುವಾದರೆ ನನಗೆ ಪಿತ್ತಗಂಧೆಯ ನೆನಪು. ಕುಂಬ್ರದ ನಮ್ಮ ಮನೆಯಲ್ಲಿ ಯಾರ ಮೈಮೇಲಾದರೂ ತುರಿಕೆಯ ಕೆಂಪು ದದ್ದು ಎದ್ದರೆ ಅಜ್ಜಿಯ ತೀರ್ಪು ಒಂದೇ: "ಪಿತ್ತ ಕೆದರಿದ್ದು, ಏನೂ ಆಗ್ಲಿಕ್ಕಿಲ್ಲ." ಕುಡಿಯಲು ಪುನರ್ಪುಳಿ ನೀರು, ಮೈಗೆ ಹಚ್ಚಲೂ ಅದೇ. ಬದನೆ ನಂಜು ಅಂತ ಒಂದು ವಾರ ದೂರ. ಮರುದಿನ ದದ್ದು ಮಾಯ!

ಈ ದದ್ದಿಗೂ ಪಿತ್ತಕ್ಕೂ ಸಂಬಂಧವಿಲ್ಲ ಅಂತ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಆದರೆ ಹೆಸರು ತಪ್ಪಿಟ್ಟವರು ನಮ್ಮ ಅಜ್ಜಿಯಂದಿರು ಮಾತ್ರ ಅಲ್ಲ, ಸ್ವಾಮೀ.

1878ರಲ್ಲಿ ಪಾಲ್ ಎರ್ಲಿಚ್ ಎಂಬ 24ರ ಜರ್ಮನ್ ಹುಡುಗ ಲೈಪ್‌ಜಿಗ್‌ನಲ್ಲಿ ತನ್ನ ಡಾಕ್ಟರೇಟ್ ಪ್ರಬಂಧ ಒಪ್ಪಿಸಿದ. ಬಟ್ಟೆಗೆ ಹಾಕುವಂಥ ಬಣ್ಣಗಳನ್ನು ಅಂಗಾಂಶದ ತುಣುಕಿಗೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವನ ಹುಚ್ಚು. ಹಾಗೆ ನೋಡುವಾಗ ಹೊಟ್ಟೆ ತುಂಬ ಕಾಳು ತುಂಬಿಕೊಂಡಂತಿದ್ದ ಕಣಗಳು ಕಂಡವು. ಚೆನ್ನಾಗಿ ತಿಂದು ಕೊಬ್ಬಿದ ಕಣಗಳು ಎಂದುಕೊಂಡು 'ಮಾಸ್ಟ್ ಕಣ' ಅಂತ ಹೆಸರಿಟ್ಟ. ಜರ್ಮನ್‌ನಲ್ಲಿ ಮಾಸ್ಟ್ ಅಂದರೆ ಪ್ರಾಣಿಗಳನ್ನು ಮೇಯಿಸಿ ಕೊಬ್ಬಿಸುವುದು. ಆ ಕಾಳುಗಳು ತಿಂದದ್ದಲ್ಲ, ಕಣವೇ ತಯಾರಿಸಿ ಇಟ್ಟ ದಾಸ್ತಾನು ಅಂತ ಅವನಿಗೆ ಗೊತ್ತಿರಲಿಲ್ಲ.

ದಾಸ್ತಾನಿನಲ್ಲಿ ಏನಿದೆ ಅಂತ ತಿಳಿಯಲು 75 ವರ್ಷ ಬೇಕಾಯಿತು. 1953ರಲ್ಲಿ ರೈಲಿ ಮತ್ತು ವೆಸ್ಟ್ ಎಂಬಿಬ್ಬರು ಅದರಲ್ಲಿ ಹಿಸ್ಟಮಿನ್ ಇದೆ ಎಂದು ತೋರಿಸಿದರು. ಚರ್ಮದಲ್ಲಿ ಇದು ಚೆಲ್ಲಿದರೆ ಸಣ್ಣ ರಕ್ತನಾಳಗಳು ಸೋರುತ್ತವೆ, ಚರ್ಮ ಉಬ್ಬುತ್ತದೆ, ತುರಿಸುತ್ತದೆ. ಅದೇ ನಮ್ಮ ಪಿತ್ತಗಂಧೆ!

ಚೆಲ್ಲುವುದು ಯಾಕೆ? ಕಾರಣ ಹಲವು. ಅಲರ್ಜಿಯಲ್ಲಿ ಏನಾಗುತ್ತದೆ ಎಂಬುದಕ್ಕೆ ಉತ್ತರ ಕೊಟ್ಟವರು ಅಮೆರಿಕದ ಡೆನ್ವರ್‌ನಲ್ಲಿದ್ದ ಜಪಾನಿ ದಂಪತಿ, ಕಿಮಿಶಿಗೆ ಮತ್ತು ತೆರುಕೊ ಇಶಿಝಾಕ. 1966ರಲ್ಲಿ ಅವರು ರಕ್ತದಲ್ಲಿ ಐಜಿಇ ಎಂಬ ಪ್ರತಿಕಾಯವನ್ನು ಗುರುತಿಸಿದರು. ಸ್ವೀಡನ್ನಿನ ಯೋಹಾನ್ಸನ್ ಮತ್ತು ಬೆನ್ನಿಕ್ ಕೂಡ ಬೇರೆ ದಾರಿಯಿಂದ ಅಲ್ಲಿಗೇ ಬಂದರು. ಮೊದಲ ಸಲ ವಸ್ತು ಮೈಸೇರಿದಾಗ ಐಜಿಇ ಹುಟ್ಟಿ ಸದ್ದಿಲ್ಲದೆ ಮಾಸ್ಟ್ ಕಣದ ಮೇಲೆ ಕೂತಿರುತ್ತದೆ. ಅದೇ ವಸ್ತು ಮತ್ತೆ ಬಂದಾಗ ಕೆಲವೇ ನಿಮಿಷಗಳಲ್ಲಿ ದಾಸ್ತಾನು ಹೊರಗೆ.

ಇದನ್ನು ಓದುವಾಗ ನನಗೆ ಮಾವನ ನೆನಪಾಯಿತು. ತೋಟದಲ್ಲಿ ಅಡಿಕೆ ಹಾಳೆ ಹೆಕ್ಕುವಾಗ ಅವರಿಗೆ ಕಣಜದ ಹುಳ ಕಚ್ಚಿತು. ಹಿಂದಿನ ವರ್ಷವೂ ಕಚ್ಚಿತ್ತು, ಆಗ ಬರೀ ಬಾವು. ಈ ಸಲ ಮೈಯೆಲ್ಲ ದದ್ದು. ಅಜ್ಜಿ ಎಂದಿನಂತೆ ಪುನರ್ಪುಳಿ ಕಲಸಿದರು. ಉಸಿರು ಕಟ್ಟತೊಡಗಿದ ಮೇಲೆ ಜೀಪು ಹುಡುಕಿದ್ದು. ಪುತ್ತೂರು ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ವಿಷ ಏರಿತು ಅಂದರು ಊರವರು. ಅವರನ್ನು ಕೊಂದದ್ದು ಹುಳದ ವಿಷಕ್ಕಿಂತ ಅವರದೇ ಮೈಯ ಕಣಗಳು, ಬೇಕಿದ್ದದ್ದು ಒಂದು ಅಡ್ರಿನಲಿನ್ ಇಂಜೆಕ್ಷನ್ ಅಂತ ಈಗ ಹೇಳಬಲ್ಲೆ. ಎರ್ಲಿಚ್‌ನ ತಪ್ಪು ಹೆಸರಿನಿಂದ ಯಾರಿಗೂ ತೊಂದರೆಯಾಗಲಿಲ್ಲ. ನಮ್ಮ ಮನೆಯ ಹೆಸರಿನಿಂದ ಅರ್ಧ ಗಂಟೆ ಹೋಯಿತು.

ಅಜ್ಜಿಯನ್ನು ದೂರುವುದು ಹೇಗೆ? ನೂರು ಸಲ ಅವರ ಮಾತು ಸರಿಯಾಗಿಯೇ ಇತ್ತು. ದದ್ದು ಹೆಚ್ಚಾಗಿ ತಾನೇ ಇಳಿಯುತ್ತದೆ. ಹಾಗಂತ ರಕ್ತಪರೀಕ್ಷೆಯೇ ಕೊನೆಯ ಮಾತೂ ಅಲ್ಲ. ಮೈಸೂರಿನ ಡಾ. ಪಿ. ಎ. ಮಹೇಶ್ ಮತ್ತು ಸಂಗಡಿಗರು ಕರ್ನಾಟಕದ ವಯಸ್ಕರ ಬಗ್ಗೆ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾವುದಾದರೂ ಆಹಾರಕ್ಕೆ ಐಜಿಇ ಇದ್ದವರು ಶೇ. 26.5. ಆ ಆಹಾರ ತಿಂದು ನಿಜವಾಗಿ ತೊಂದರೆ ಆಗಿದ್ದೂ ಐಜಿಇ ಇದ್ದದ್ದೂ ಸೇರಿದರೆ ಬರೀ ಶೇ. 1.2! ರಕ್ತದಲ್ಲಿ ಕಂಡದ್ದೆಲ್ಲ ನಂಜಲ್ಲ.

ಮಾವ ಹೋದ ಮೇಲೆ ಅಜ್ಜಿ ಪುನರ್ಪುಳಿ ಒಣಗಿಸುವುದನ್ನೇ ಬಿಟ್ಟರು. ಕಾರಣ ಕೇಳುವ ಧೈರ್ಯ ನಮಗ್ಯಾರಿಗೂ ಬರಲಿಲ್ಲ. ಈಗಲೂ ನನ್ನ ಮಗಳ ಕೈಮೇಲೆ ದದ್ದು ಎದ್ದರೆ ನನ್ನ ಬಾಯಲ್ಲಿ ಬರುವುದು ಪಿತ್ತಗಂಧೆ ಅಂತಲೇ. ಆದರೆ ಮೊದಲು ಅವಳ ಉಸಿರು ನೋಡುತ್ತೇನೆ. ಉಸಿರು ಕಟ್ಟಿದರೆ, ತುಟಿ ನಾಲಿಗೆ ಬಾತರೆ, ತಲೆ ತಿರುಗಿದರೆ ಆಸ್ಪತ್ರೆಗೆ ಓಡುವುದೇ, ಮನೆಮದ್ದಿಗೆ ಕಾಯುವುದಿಲ್ಲ.

ನಿಮ್ಮ ಊರಲ್ಲಿ ಇದಕ್ಕೆ ಏನನ್ನುತ್ತಾರೆ? ತಿಳಿಸಿ.