ಕೀಲಿ ಕೊಡುವ ಅಮೆರಿಕನ್ ಕಿಸೆ ಗಡಿಯಾರ: ಮಷೀನ್ ಗುರುತಿಸುವ ಬಗೆ

ತಲೆಯ ಗುಂಡಿ ತಿರುಗಿಸಿ ಚಾವಿ ಕೊಡುವ ಸೌಲಭ್ಯವಿಲ್ಲದ, ಬಿಡಿಯಾದ ಪುಟ್ಟ ಕೀಲಿಯಿಂದ ಸ್ಪ್ರಿಂಗ್ ಬಿಗಿಯಬೇಕಾದ ಕಿಸೆ ಗಡಿಯಾರವೇ ಕೀಲಿ ಗಡಿಯಾರ. ಗಡಿಯಾರ ತಯಾರಕ ಆದ್ರಿಯಾಂ ಫಿಲಿಪ್ ಗುಂಡಿಯಿಂದಲೇ ಚಾವಿ ಕೊಡುವ ಏರ್ಪಾಟಿಗೆ 1845ರಲ್ಲಿಯೇ ಪೇಟೆಂಟ್ ಪಡೆದಿದ್ದ. ಆದರೂ ಅಮೆರಿಕದ ಕಾರ್ಖಾನೆಗಳು 1870ರ ದಶಕದವರೆಗೂ ಹೆಚ್ಚಾಗಿ ಕೀಲಿ ಗಡಿಯಾರಗಳನ್ನೇ ತಯಾರಿಸುತ್ತಿದ್ದವು. ಗಡಿಯಾರದ ಒಳಗಿನ ಯಂತ್ರಕ್ಕೆ ರಿಪೇರಿ ಮಾಡುವವರು ಮಷೀನ್ ಎನ್ನುತ್ತಾರೆ. ಗಡಿಯಾರದ ವಂಶ, ವಯಸ್ಸು, ದರ್ಜೆ ಎಲ್ಲವೂ ತಿಳಿಯುವುದು ಈ ಮಷೀನಿನಿಂದಲೇ. ಹೊರಗಿನ ಡಬ್ಬಿಯಿಂದಾಗಲಿ ಡಯಲ್‌ನಿಂದಾಗಲಿ ಅಲ್ಲ.

ಇಂಥ ಗಡಿಯಾರ ನಮ್ಮ ಕಡೆ ಸಿಗುವ ಸಂಭವ ಎಷ್ಟೆಂದು ತಿಳಿಯಲು ರೈಲಿನ ಕಥೆ ನೋಡಬೇಕು. ಸೇಡಂ ತಾಲೂಕಿನ ಮುಧೋಳ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯಲ್ಲಿ ನಿಮಿಷದ ಲೆಕ್ಕ ಬಲವಾದದ್ದು ರೈಲಿನಿಂದ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಮಾರ್ಗ ಶಹಾಬಾದ್, ವಾಡಿಗಳನ್ನು ಹಾದು 1871ರಲ್ಲಿ ರಾಯಚೂರು ಮುಟ್ಟಿ ಮದ್ರಾಸ್ ರೈಲ್ವೆಗೆ ಕೂಡಿಕೊಂಡಿತು. ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಹೈದರಾಬಾದಿನ ಕಡೆ ಹೋಗುವ ನಿಜಾಮರ ರೈಲುಮಾರ್ಗ 1874ರಲ್ಲಿ ತೆರೆಯಿತು. ಆಗ ದೇಶಕ್ಕೆ ಒಂದೇ ಸಮಯವೆಂಬುದಿರಲಿಲ್ಲ. ಮದ್ರಾಸ್ ಸಮಯ ಮುಂಬೈ ಸಮಯಕ್ಕಿಂತ ಅರ್ಧ ಗಂಟೆ ಮುಂದಿತ್ತು. ಬಹುತೇಕ ರೈಲ್ವೆಗಳು ಹಿಡಿದದ್ದು ಮದ್ರಾಸ್ ಸಮಯವನ್ನು. ಇಂದಿನ ಭಾರತೀಯ ಪ್ರಮಾಣ ಕಾಲ ಜಾರಿಗೆ ಬಂದದ್ದು 1906ರ ಜನವರಿ 1ರಿಂದ. ಅಮೆರಿಕದಲ್ಲಿ ಕೀಲಿ ಗಡಿಯಾರದ ಕಾಲ ಮುಗಿಯುತ್ತಿದ್ದ ಹೊತ್ತಿಗೇ ಇಲ್ಲಿ ರೈಲು ಬಂತು ಎಂಬುದನ್ನು ನೆನಪಿಡಬೇಕು. ಈ ಭಾಗದಲ್ಲಿ ಹಳೆಯ ಕಿಸೆ ಗಡಿಯಾರ ಸಿಕ್ಕಿದರೆ ಅದು ಸ್ವಿಸ್ ಅಥವಾ ಇಂಗ್ಲಿಷ್ ಇರುವ ಸಂಭವವೇ ಹೆಚ್ಚು. ಆದ್ದರಿಂದ ಅಮೆರಿಕದ್ದು ಎಂದು ಹೇಳುವ ಮೊದಲು ಮಷೀನನ್ನು ನೋಡಲೇಬೇಕು.

ಅಮೆರಿಕದ ಗಡಿಯಾರ ಉದ್ಯಮದ ಬೇರು ಮ್ಯಾಸಚೂಸೆಟ್ಸ್‌ನಲ್ಲಿದೆ. ಬಿಡಿಭಾಗಗಳನ್ನು ಯಂತ್ರಗಳಿಂದ ಒಂದೇ ಅಳತೆಗೆ ತಯಾರಿಸಬೇಕೆಂದು ಏರನ್ ಡೆನಿಸನ್, ಎಡ್ವರ್ಡ್ ಹೊವಾರ್ಡ್ ಮೊದಲಾದವರು 1850ರಲ್ಲಿ ರಾಕ್ಸ್‌ಬರಿಯಲ್ಲಿ ಕೆಲಸ ಆರಂಭಿಸಿದರು. 1854ರಲ್ಲಿ ಕಾರ್ಖಾನೆ ವಾಲ್ಥಮ್ ಊರಿಗೆ ಹೋಯಿತು, 1857ರಲ್ಲಿ ದಿವಾಳಿಯಾಯಿತು. ಅದನ್ನು ಕೊಂಡ ರಾಯಲ್ ರಾಬಿನ್ಸ್ ಕೈಯಲ್ಲಿ ಚೇತರಿಸಿಕೊಂಡು 1859ರಲ್ಲಿ ಅಮೆರಿಕನ್ ವಾಚ್ ಕಂಪನಿಯಾಯಿತು. ಅದರ 1857ರ ಮಾದರಿ ಅಮೆರಿಕನ್ ಕೀಲಿ ಗಡಿಯಾರಗಳಲ್ಲೆಲ್ಲ ಪ್ರಸಿದ್ಧ. 1864ರಲ್ಲಿ ಹುಟ್ಟಿ ಇಲಿನಾಯ್ಸ್ ರಾಜ್ಯದ ಎಲ್ಜಿನ್‌ನಲ್ಲಿ ಕಾರ್ಖಾನೆ ಕಟ್ಟಿದ ನ್ಯಾಷನಲ್ ವಾಚ್ ಕಂಪನಿ ತನ್ನ ಮೊದಲ ಗಡಿಯಾರವನ್ನು 1867ರಲ್ಲಿ ಮಾರಿತು. ಬಿ. ಡಬ್ಲ್ಯು. ರೇಮಂಡ್ ದರ್ಜೆಯ ಆ ಕೀಲಿ ಗಡಿಯಾರದ ಕ್ರಮಸಂಖ್ಯೆ 101, ಬೆಲೆ 115 ಡಾಲರ್. 1874ರಲ್ಲಿ ಕಂಪನಿ ತನ್ನ ಹೆಸರಿಗೆ ಎಲ್ಜಿನ್ ಎಂಬುದನ್ನು ಸೇರಿಸಿಕೊಂಡಿತು.

ಈಗ ಪರೀಕ್ಷೆಯ ಮಾತು. ಹಿಂದಿನ ಮುಚ್ಚಳ ತೆರೆದರೆ ಒಳಮುಚ್ಚಳದಲ್ಲಿ ಕೀಲಿ ಹೋಗುವ ತೂತು, ಅದರೊಳಗೆ ಚೌಕಾಕಾರದ ಕಡ್ಡಿಯ ತುದಿ ಕಾಣುತ್ತದೆ. ಮುಳ್ಳು ತಿರುಗಿಸಲು ಇನ್ನೊಂದು ಚೌಕವಿರುತ್ತದೆ. ಕೆಲವು ಗಡಿಯಾರಗಳಲ್ಲಿ ಅದೂ ಹಿಂದೆ, ಕೆಲವುಗಳಲ್ಲಿ ಮುಂದೆ, ಮುಳ್ಳುಗಳ ನಡುಮಧ್ಯೆ. ಸಡಿಲವಾದ ಕೀಲಿ ಚೌಕದ ಅಂಚನ್ನು ಸವೆಸುತ್ತದೆ. ಅಂಚು ದುಂಡಾಗಿದ್ದರೆ ಗಡಿಯಾರ ಬಹುಕಾಲ ತಪ್ಪು ಕೀಲಿಯಿಂದ ನಡೆದಿದೆ ಎಂದರ್ಥ. ಎಣ್ಣೆ ಒಣಗಿದ ಮಷೀನಿಗೆ ನಡೆಯುತ್ತದೋ ಇಲ್ಲವೋ ನೋಡಲೆಂದು ಚಾವಿ ಕೊಡುವುದು ದೊಡ್ಡ ಅಪಚಾರ. ಮೊದಲು ಬಿಚ್ಚಿ ತೊಳೆಸಬೇಕು.

ಒಳಮುಚ್ಚಳವನ್ನೂ ತೆರೆದರೆ ಮಷೀನ್ ಎದುರಿಗೆ ಬರುತ್ತದೆ. 1857ರ ಮಾದರಿಯಂಥ ಯಂತ್ರದಲ್ಲಿ ಗಾಲಿಗಳೆಲ್ಲ ಎರಡು ಪೂರ್ಣ ತಟ್ಟೆಗಳ ನಡುವೆ ಅಡಗಿರುತ್ತವೆ. ಬ್ಯಾಲೆನ್ಸ್ ಚಕ್ರ ಮಾತ್ರ ಮೇಲಿನ ತಟ್ಟೆಯ ಮೇಲೆ, ಕೆತ್ತನೆಯ ತುಂಡೊಂದರ ಅಡಿಯಲ್ಲಿ ಆಡುತ್ತದೆ. ಆ ಕಾಲದ ಇಂಗ್ಲಿಷ್ ಗಡಿಯಾರವೂ ಮೇಲ್ನೋಟಕ್ಕೆ ಹೀಗೇ. ಓರೆಯಾಗಿ ಹಿಡಿದು ತಟ್ಟೆಗಳ ನಡುವೆ ನೋಡಿದರೆ ಇಂಗ್ಲಿಷ್ ಗಡಿಯಾರದಲ್ಲಿ ಸಾಮಾನ್ಯವಾಗಿ ಶಂಕುವಿನಾಕಾರದ ಗಾಲಿಯೂ ಅದಕ್ಕೆ ಸುತ್ತಿದ ಕೂದಲೆಳೆಯಂಥ ಸರಪಳಿಯೂ ಕಾಣುತ್ತವೆ. ವಾಲ್ಥಮ್, ಎಲ್ಜಿನ್‌ಗಳಲ್ಲಿ ಸರಪಳಿಯಿಲ್ಲ. ಸ್ಪ್ರಿಂಗ್ ತುಂಬಿದ ಹಲ್ಲಿನ ಉರುಳೆಯೇ ಗಾಲಿಗಳನ್ನು ತಿರುಗಿಸುತ್ತದೆ. ಅಳತೆಯೂ ಸಾಕ್ಷಿ ಹೇಳುತ್ತದೆ. ಅಮೆರಿಕದ ಸೈಜ್ ಲೆಕ್ಕದಲ್ಲಿ ಡಯಲ್ ಕೆಳಗಿನ ತಟ್ಟೆಯ ವ್ಯಾಸ 18 ಸೈಜಿಗೆ ಸುಮಾರು 44.9 ಮಿ.ಮೀ., 16 ಸೈಜಿಗೆ ಸುಮಾರು 43.2 ಮಿ.ಮೀ. ಪೂರ್ಣ ತಟ್ಟೆಯ ಕೀಲಿ ಗಡಿಯಾರಗಳಲ್ಲಿ 18 ಸೈಜೇ ಹೆಚ್ಚು.

ಮೇಲಿನ ತಟ್ಟೆಯ ಕೆತ್ತನೆಯನ್ನು ಓದುವಾಗ ಎಚ್ಚರ ಬೇಕು. ವಿಲಿಯಂ ಎಲರಿ, ಪಿ. ಎಸ್. ಬಾರ್ಟ್ಲೆಟ್ ಎಂದಿದ್ದರೆ ಅವು ತಯಾರಕರ ಹೆಸರಲ್ಲ, ವಾಲ್ಥಮ್ ಕಾರ್ಖಾನೆಯ ದರ್ಜೆಗಳ ಹೆಸರು. ಎಲರಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲೊಬ್ಬ. ಅಬ್ರಹಾಂ ಲಿಂಕನ್ ಬಳಿ ಆ ದರ್ಜೆಯ ಗಡಿಯಾರವಿತ್ತು. ಆ್ಯಪಲ್ಟನ್ ಟ್ರೇಸಿ ಎಂಬ ಸಂಸ್ಥೆಯ ಹೆಸರಂತೂ ಸಂಸ್ಥೆ ಹೋದ ಮೇಲೂ ದರ್ಜೆಯ ಹೆಸರಾಗಿ ಉಳಿಯಿತು. ಹೆಸರಿನ ಜೊತೆಗಿರುವ ಕ್ರಮಸಂಖ್ಯೆಯೇ ಇಲ್ಲಿ ಮುಖ್ಯ. ವಾಲ್ಥಮ್, ಎಲ್ಜಿನ್‌ಗಳ ಸಂಖ್ಯಾಪಟ್ಟಿಗಳು ಉಳಿದುಬಂದಿರುವುದರಿಂದ ಸಂಖ್ಯೆ ಹಿಡಿದು ಮಾದರಿ, ದರ್ಜೆ, ತಯಾರಾದ ವರ್ಷದ ಅಂದಾಜನ್ನು ಕಂಡುಕೊಳ್ಳಬಹುದು. ಒಂದೊಂದು ಕಂಪನಿಯ ಎಣಿಕೆ ಒಂದೊಂದು, ಹಾಗಾಗಿ ಕಂಪನಿಯ ಹೆಸರಿಲ್ಲದ ಬರೀ ಸಂಖ್ಯೆಯಿಂದ ಏನೂ ತಿಳಿಯದು. ಡಬ್ಬಿಯ ಮೇಲಿನ ಸಂಖ್ಯೆ ಡಬ್ಬಿ ಮಾಡಿದವರದು. ಆಗ ಮಷೀನನ್ನೂ ಡಬ್ಬಿಯನ್ನೂ ಬೇರೆ ಬೇರೆ ಕೊಂಡು ಅಂಗಡಿಯಲ್ಲಿ ಜೋಡಿಸುವ ರೂಢಿಯಿತ್ತು. ಮುಂದೆ ಚಿನ್ನ, ಬೆಳ್ಳಿಯ ಆಸೆಗೆ ಡಬ್ಬಿಗಳನ್ನು ಕರಗಿಸಿದ್ದರಿಂದ ಬರೀ ಮಷೀನುಗಳೇ ಉಳಿದದ್ದೂ ಬಹಳ.

ಎರಡು ಮೋಸಗಳನ್ನು ಗುರುತಿಸಬೇಕು. ಅಮೆರಿಕನ್ ಗಡಿಯಾರಕ್ಕೆ ಬೆಲೆ ಬಂದ ಮೇಲೆ ಅದರ ರೂಪವನ್ನೂ ಹೆಸರನ್ನೂ ಹೋಲುವ ಸ್ವಿಸ್ ನಕಲುಗಳು ಬಂದವು; ಹೆಸರಿನಲ್ಲಿ ಅಕ್ಷರ ವ್ಯತ್ಯಾಸ, ಊರಿನ ಹೆಸರಿಲ್ಲದಿರುವುದು, ಪಟ್ಟಿಗೆ ಹೊಂದದ ಸಂಖ್ಯೆ ಅನುಮಾನಕ್ಕೆ ಕಾರಣಗಳು. ಎರಡನೆಯದು, ಪ್ರತಿ ಹಳೆಯ ಗಡಿಯಾರವನ್ನೂ ರೈಲ್ವೆ ವಾಚ್ ಎಂದು ಮಾರುವುದು. ಒಹಾಯೊದ ಕಿಪ್ಟನ್‌ನಲ್ಲಿ 1891ರ ಏಪ್ರಿಲ್‌ನಲ್ಲಿ ರೈಲುಗಳು ಡಿಕ್ಕಿಯಾದ ಮೇಲೆ ಗಡಿಯಾರ ವ್ಯಾಪಾರಿ ವೆಬ್ ಬಾಲ್ ಮುಂದಾಳತ್ವದಲ್ಲಿ ಅಮೆರಿಕದ ರೈಲ್ವೆ ಗಡಿಯಾರಗಳಿಗೆ ಕಟ್ಟುನಿಟ್ಟಿನ ನಿಯಮ ಬಂತು: ವಾರಕ್ಕೆ 30 ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸವಿರಕೂಡದು, ಕನಿಷ್ಠ 17 ಹರಳಿನ ಬೇರಿಂಗ್ ಬೇಕು. ಹಳೆಯ ಕೀಲಿ ಗಡಿಯಾರಗಳು ಆ ನಿಯಮದೊಳಗೆ ಬರುವುದಿಲ್ಲ. ಭಾರತದ ರೈಲ್ವೆ ಕೈಗಡಿಯಾರ, ಕಿಸೆ ಗಡಿಯಾರಗಳ ಮಾತು ಬಂದಾಗ ವೆಸ್ಟ್ ಎಂಡ್ ಹೆಸರು ಬರುವುದುಂಟು. 1886ರಲ್ಲಿ ಮುಂಬೈಯಲ್ಲಿ ಹುಟ್ಟಿದ ಆ ಸಂಸ್ಥೆ ಮಾರಿದ್ದು ಸ್ವಿಸ್ ಯಂತ್ರಗಳನ್ನು.

ರಿಪೇರಿ ಮಾಡಿದವರು ಮುಚ್ಚಳದ ಒಳಮೈಯಲ್ಲಿ ಗೀಚಿಟ್ಟ ತಾರೀಖು, ಸಂಕೇತಗಳೂ ದಾಖಲೆಗಳೇ. ಲಿಂಕನ್‌ನ ಇನ್ನೊಂದು ಗಡಿಯಾರ ಇಂಗ್ಲಿಷ್ ಮಷೀನಿನದು. ಅದನ್ನು 2009ರ ಮಾರ್ಚ್‌ನಲ್ಲಿ ಸ್ಮಿತ್ಸೋನಿಯನ್ ಸಂಸ್ಥೆ ಬಿಚ್ಚಿಸಿದಾಗ ಜೊನಾಥನ್ ಡಿಲನ್ ಎಂಬ ರಿಪೇರಿಗಾರ ಅಮೆರಿಕದ ಅಂತರ್ಯುದ್ಧ ಆರಂಭವಾದ ಸುದ್ದಿಯನ್ನು 1861ರ ಏಪ್ರಿಲ್ 13ರ ತಾರೀಖಿನೊಡನೆ ಡಯಲ್ ಕೆಳಗೆ ಕೆತ್ತಿದ್ದು ಸಿಕ್ಕಿತು. ಹೊಳಪು ಬರಲೆಂದು ಇಂಥ ಗೀರುಗಳನ್ನು ಉಜ್ಜಿ ತೆಗೆಯಬಾರದು.

ಮನೆಯಲ್ಲಿ ಕೀಲಿ ಗಡಿಯಾರ ಇರುವವರು ಅದನ್ನು ಸರಾಫರ ಅಂಗಡಿಗೆ ಒಯ್ಯುವ ಮೊದಲು ಮಷೀನಿನ ಫೋಟೊ ತೆಗೆದು, ಕಂಪನಿಯ ಹೆಸರು, ಕ್ರಮಸಂಖ್ಯೆಗಳನ್ನೂ, ಅದು ಮನೆಗೆ ಬಂದ ಬಗೆಯನ್ನು ಹಿರಿಯರಿಂದ ಕೇಳಿ ಅದನ್ನೂ ಒಂದು ಚೀಟಿಯಲ್ಲಿ ಬರೆದಿಡಬೇಕು.