ಹೆಸರಿರುವ ನಾಯಿ, ಹೆಸರಿಲ್ಲದ ಮನುಷ್ಯ

ಮೈಸೂರು, ಕೊಡಗು, ಮಲೆನಾಡಿನ ಹಳೆಯ ಮನೆಗಳ ಜಗಲಿಯಲ್ಲಿ ತೂಗುವ ಬೇಟೆಯ ಫೋಟೊಗಳೆಲ್ಲ ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ಮುಂದೆ ಸತ್ತ ಹುಲಿ. ಅದರ ತಲೆ ಎತ್ತಿ ಕಾಣಲೆಂದು ಗದ್ದದ ಕೆಳಗೊಂದು ಕಲ್ಲೋ ಕೊರಡೋ. ಅದರ ಹಿಂದೆ ತೊಡೆಯ ಮೇಲೆ ಕೋವಿ ಅಡ್ಡ ಇಟ್ಟುಕೊಂಡು ಕೂತ ಯಜಮಾನರು, ಪಕ್ಕದಲ್ಲಿ ನೆಂಟರು, ಒಬ್ಬಿಬ್ಬರು ದೊರೆಗಳು. ಚಿತ್ರದ ಅಂಚಿನಲ್ಲಿ, ಅರ್ಧ ಮಸುಕಾಗಿ, ಬರಿಮೈಯಲ್ಲಿ ನಿಂತ ನಾಲ್ಕಾರು ಜನ. ಮಡಿಕೇರಿಯ ಗೋಡೆಯಿಂದ ಇಳಿದು ಇಂಥ ಚಿತ್ರಗಳು ಈಗ ಕುಟುಂಬದ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತವೆ. ಬೆಂಗಳೂರಿನಲ್ಲೋ ಪುಣೆಯ ಖರಾಡಿಯಲ್ಲೋ ಕೆಲಸಕ್ಕಿರುವ ಮೊಮ್ಮಕ್ಕಳು ಅವನ್ನು ನೋಡಿ "ಎಂಥ ಕಾಲ!" ಎನ್ನುತ್ತಾರೆ. ಹಂಬಲ ಸುಳ್ಳಲ್ಲ. ಆದರೆ ಯಾವುದರ ಹಂಬಲ ಎಂದು ಕೇಳಿಕೊಂಡರೆ ಉತ್ತರ ಅಷ್ಟು ಸಲೀಸಾಗಿ ಸಿಗುವುದಿಲ್ಲ.

ಮೊದಲಿಗೆ, ಈ ಚಿತ್ರಗಳಲ್ಲಿ ಬೇಟೆಯೇ ಇಲ್ಲ. 1851ರಲ್ಲಿ ಬಳಕೆಗೆ ಬಂದ ಕ್ರಮದಲ್ಲಿ ಗಾಜಿನ ಫಲಕಕ್ಕೆ ರಾಸಾಯನಿಕ ಬಳಿದು, ಅದು ಒಣಗುವುದರೊಳಗೆ ಚಿತ್ರ ತೆಗೆದು ತೊಳೆಯಬೇಕಿತ್ತು. ಕ್ಯಾಮೆರಾದ ಮುಂದೆ ಕೆಲವು ಸೆಕೆಂಡು ಅಲ್ಲಾಡದೆ ನಿಂತದ್ದು ಮಾತ್ರ ಅದರಲ್ಲಿ ಮೂಡುತ್ತಿತ್ತು. ಓಡುವ ಹಂದಿಯಾಗಲಿ ಹಾರುವ ಹುಲಿಯಾಗಲಿ ಅದಕ್ಕೆ ಸಿಕ್ಕುವಂತಿರಲಿಲ್ಲ; ಸತ್ತ ಪ್ರಾಣಿ, ಉಸಿರು ಬಿಗಿಹಿಡಿದ ಮನುಷ್ಯ ಸಿಕ್ಕುತ್ತಿದ್ದರು. 1880ರ ದಶಕದಲ್ಲಿ ಒಣ ಫಲಕಗಳೂ 1888ರಲ್ಲಿ ಕೊಡಕ್ ಕ್ಯಾಮೆರಾವೂ ಬಂದು ಈ ಕಷ್ಟ ತಪ್ಪಿತು. ಆದರೆ ಅಷ್ಟರಲ್ಲಿ ಆ ಭಂಗಿಯೇ ಸಂಪ್ರದಾಯವಾಗಿಬಿಟ್ಟಿತ್ತು. ನಮಗೆ ಉಳಿದಿರುವುದು ಬೇಟೆ ಮುಗಿದ ಮೇಲಿನ ಸಾಲು ಮಾತ್ರ: ಯಾರು ಎಲ್ಲಿ ಕೂರಬೇಕು, ಯಾರು ಎಲ್ಲಿ ನಿಲ್ಲಬೇಕು ಎಂಬ ಏರ್ಪಾಡು.

ಬೇಟೆಯ ನೆನಪನ್ನು ಕಾಪಿಡುವ ಆಸೆ ಕ್ಯಾಮೆರಾದ ಜೊತೆ ಬಂದದ್ದೇನಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಸುಮಾರು ಕ್ರಿ.ಶ. 950ರದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಹೋರಾಡಿ ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಕಡೆಯ ವೀರ ಮಣಲೇರ. ಅವನ ಸಾಹಸಕ್ಕೆ ಮೆಚ್ಚಿ ಏನು ಬೇಕೆಂದು ಕೇಳಿದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಆಮೇಲೆ ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿತ್ತು, ಎರಡೂ ಸತ್ತವು. ಮಣಲೇರ ನಾಯಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಕಲ್ಲನ್ನು ಪೂಜಿಸದೆ ಆ ಭೂಮಿಯನ್ನು ಉಂಡವನಿಗೆ ನಾಯಿ ಮಾಡಿದ ಪಾಪ ತಟ್ಟಲಿ ಎಂದು ಬರೆಸಿದ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಕಲ್ಲಿನಲ್ಲಿ ನಾಯಿ, ಹಂದಿ ಒಂದನ್ನೊಂದು ಹಿಡಿದುಕೊಂಡಿವೆ. ಕಲ್ಲುಕುಟಿಗ ಕೆತ್ತಿರುವುದು ಹೋರಾಟವನ್ನು. ಮುಂದೆ ಬಂದಿರುವುದು ಹೋರಾಡಿದ ಪ್ರಾಣಿ. ಅದಕ್ಕೊಂದು ಹೆಸರೂ ಇದೆ.

ಈ ಕಲ್ಲಿನ ಪಕ್ಕದಲ್ಲಿ ಖೆಡ್ಡಾದ ಫೋಟೊಗಳನ್ನಿಟ್ಟು ನೋಡಬೇಕು. ಕಾಕನಕೋಟೆಯ ಕಾಡಿನಲ್ಲಿ ಆನೆ ಹಿಡಿಯಲು ಹೈದರಾಲಿ ಪ್ರಯತ್ನಿಸಿ ಸೋತಿದ್ದ. 1867ರಲ್ಲಿ ಕರ್ನಲ್ ಪಿಯರ್ಸನ್ ಕೂಡ ಸೋತ. ನೀರಾವರಿ ಕಾಲುವೆಗಳನ್ನು ನೋಡಿಕೊಳ್ಳುತ್ತಿದ್ದ ಜಿ.ಪಿ. ಸ್ಯಾಂಡರ್ಸನ್ 1873–74ರಲ್ಲಿ ಚಾಮರಾಜನಗರದ ಸೀಮೆಯಲ್ಲಿ ಗೆದ್ದ. 1878ರಲ್ಲಿ ಆ ಅನುಭವಗಳ ಪುಸ್ತಕವನ್ನೂ ಪ್ರಕಟಿಸಿದ. ಮುಂದೆ ಕಾಕನಕೋಟೆಯ ಖೆಡ್ಡಾ ಮೈಸೂರು ಸಂಸ್ಥಾನದ ದೊಡ್ಡ ಆತಿಥ್ಯವಾಯಿತು. 1906ರಲ್ಲಿ, ಆಮೇಲೆ ಐದನೆಯ ಜಾರ್ಜ್ ಆದ ವೇಲ್ಸ್ ರಾಜಕುಮಾರ ಬಂದಾಗಲೂ ಖೆಡ್ಡಾ ನಡೆಯಿತು. ನೂರಾರು ಜನ ದಿನಗಟ್ಟಲೆ ಹಿಂಡನ್ನು ಸುತ್ತುಗಟ್ಟಿ, ತಮಟೆ, ಬೆಂಕಿ, ಕೂಗುಗಳಿಂದ ಕಬಿನಿಯ ಕಡೆಗೆ ಒತ್ತುತ್ತಿದ್ದರು. ಹಿಂಡು ಹೊಳೆಗಿಳಿದು ಆಚೆ ದಡ ಹತ್ತಿದರೆ ಅಲ್ಲಿ ಮರದ ದಿಮ್ಮಿಗಳ ದೊಡ್ಡಿ ಕಾದಿರುತ್ತಿತ್ತು. ಆಮೇಲೆ ಪಳಗಿದ ಆನೆಗಳ ಮೇಲಿಂದ ಮಾವುತರು ಹಗ್ಗ ಹಾಕುತ್ತಿದ್ದರು. ಅತಿಥಿಗಳಿಗೆ ನೋಡಲು ಬೇರೆ ಅಟ್ಟಣೆ.

ಸುತ್ತುಗಟ್ಟಿದವರಲ್ಲಿ, ಜಾಡು ಹಿಡಿದವರಲ್ಲಿ, ಹಗ್ಗ ಹಾಕಿದವರಲ್ಲಿ ಜೇನುಕುರುಬರು, ಬೆಟ್ಟಕುರುಬರು ಬಹಳ ಮಂದಿ. ಕಾಕನಕೋಟೆ ಎಂಬ ಹೆಸರೇ ಕಾಕ ಎಂಬ ಕುರುಬ ನಾಯಕನದು ಎಂಬ ಐತಿಹ್ಯವಿದೆ. ಮಾಸ್ತಿಯವರ ನಾಟಕ ಆ ಕಾಕನನ್ನು ಕನ್ನಡದ ಮನೆಮಾತಾಗಿಸಿತು. ಆದರೆ ಖೆಡ್ಡಾದ ಚಿತ್ರಗಳ ಕೆಳಗಿನ ಬರಹದಲ್ಲಿ ರಾಜರು, ರೆಸಿಡೆಂಟರು, ಅತಿಥಿಗಳು ಕಾಣುತ್ತಾರೆ. ಹಗ್ಗ ಹಿಡಿದವರು "ಕುರುಬರು" ಎಂಬ ಒಂದು ಬಹುವಚನದಲ್ಲಿ ಮುಗಿದುಹೋಗುತ್ತಾರೆ. ಸಾವಿರ ವರ್ಷದ ಹಿಂದೆ ನಾಯಿಗೆ ಸಿಕ್ಕ ಗೌರವ ಇಲ್ಲಿ ಮನುಷ್ಯನಿಗೂ ಸಿಗಲಿಲ್ಲ.

ಕೊಡಗಿನ ಕತೆ ಸ್ವಲ್ಪ ಬೇರೆ. ಅಲ್ಲಿ ಹುಲಿ ಕೊಂದವನಿಗೆ "ನರಿ ಮಂಗಲ" ನಡೆಯುತ್ತಿತ್ತು. ಕನ್ನಡದವರು ಈ ಹೆಸರು ಕೇಳಿ ನಗುವುದುಂಟು. ಕೊಡವ ತಕ್ಕ್‌ನಲ್ಲಿ ನರಿ ಎಂದರೆ ಹುಲಿ. ಕನ್ನಡ, ತಮಿಳುಗಳ ಗುಳ್ಳೆನರಿಗೂ ಕೊಡಗಿನ ಹುಲಿಗೂ ಮೂಲ ಪದ ಒಂದೇ. ಮಲಯಾಳದಲ್ಲಿ ಎರಡು ಅರ್ಥವೂ ಉಂಟು. ಹುಲಿಯನ್ನು ಬಿದಿರಿನ ಚೌಕಟ್ಟಿಗೆ ತೂಗುಹಾಕಿ, ಕೊಂದವನನ್ನು ಮದುಮಗನ ಹಾಗೆ ಸಿಂಗರಿಸಿ ಕೂರಿಸುತ್ತಿದ್ದರು. ನೆರೆದವರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ ಹರಸಿ ಕಾಣಿಕೆ ಕೊಡುತ್ತಿದ್ದರು. ಹುಲಿಯ ಜೊತೆ ಮದುವೆ ಎಂದೇ ಅದನ್ನು ಬಣ್ಣಿಸುವುದುಂಟು. ಕೋವಿ ಅಲ್ಲಿ ಮನೆಯ ಸದಸ್ಯನಿದ್ದಂತೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಬೆನ್ನುಬೆನ್ನಿಗೆ ಎರಡು. ಸೆಪ್ಟೆಂಬರಿನ ಕೈಲ್‌ಪೊಳ್ದಿನಲ್ಲಿ ಆಯುಧಗಳ ಪೂಜೆ. ಕೋವಿಗೆ ಮುಡಿಸುವ ಹೂವಿಗೆ ತೋಕ್‌ಪೂ, ಅಂದರೆ ಕೋವಿ ಹೂವು, ಎಂದೇ ಹೆಸರು. 1861ರಿಂದ ನಡೆದುಬಂದಿರುವ ಕೋವಿ ಪರವಾನಗಿಯ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ವಿಸ್ತರಿಸಿತು. ಬೇಟೆ ನಿಂತಿದೆ, ಹಬ್ಬದ ದಿನ ಈಗ ಗುರಿ ತೆಂಗಿನಕಾಯಿಗೆ.

ಹುಲಿ ಕೊಡಗಿನಲ್ಲಿ ಮದುವೆಗೆ ಕೂತರೆ ಮೈಸೂರಿನಲ್ಲಿ ಕಾರ್ಖಾನೆಗೆ ಹೋಗುತ್ತಿತ್ತು. ಯೂಜಿನ್ ವ್ಯಾನ್ ಇಂಗೆನ್ 1900ರ ಸುಮಾರಿಗೆ ಅಲ್ಲಿ ಆರಂಭಿಸಿದ ಸಂಸ್ಥೆ ಪ್ರಾಣಿಗಳ ಚರ್ಮ ಹದಮಾಡಿ, ಅಚ್ಚುಗಳಿಂದ ತಯಾರಿಸಿದ ಕಾಗದದ ರದ್ದಿನ ಮೈಗೆ ತೊಡಿಸಿ, ಬದುಕಿದ್ದಂತೆ ನಿಲ್ಲಿಸುತ್ತಿತ್ತು. ಮುಚ್ಚಿದ್ದು 1999ರಲ್ಲಿ. ಅಷ್ಟರಲ್ಲಿ ಅದರ ಕೈದಾಟಿದ ಹುಲಿ ಚಿರತೆಗಳ ಸಂಖ್ಯೆಯೇ ನಲವತ್ತು ಸಾವಿರಕ್ಕೂ ಹೆಚ್ಚು ಎಂದು ಅಂದಾಜು. ಕೊನೆಯ ಕೊಂಡಿ ಜೂಬರ್ಟ್ ವ್ಯಾನ್ ಇಂಗೆನ್ 2013ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ, ತೀರಿಕೊಂಡರು. ಒಂದೊಂದು ಫೋಟೊ ನೋಡುವಾಗ ಅದು ಒಬ್ಬ ಅಜ್ಜನ ಒಂದು ದಿನದ ಸಾಹಸ. ಅವೆಲ್ಲವನ್ನೂ ಒಟ್ಟಿಗೆ ಇಟ್ಟು ಎಣಿಸಿದರೆ ಅದು ಬೇರೆಯೇ ಕತೆ.

ಎಣಿಸಿದ್ದು 1972ರಲ್ಲಿ. ಆ ವರ್ಷದ ಗಣತಿಯಲ್ಲಿ ದೇಶಕ್ಕೆಲ್ಲ ಸಿಕ್ಕ ಹುಲಿಗಳು 1,827. ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1973ರಲ್ಲಿ ಹುಲಿ ಯೋಜನೆ. ಮೈಸೂರು ಅರಸರ ಬೇಟೆಯ ಕಾಡಾಗಿದ್ದ ಬಂಡೀಪುರ ಅದರ ಮೊದಲ ಒಂಬತ್ತು ತಾಣಗಳಲ್ಲಿ ಒಂದಾಯಿತು. ಸ್ವತಃ ಬೇಟೆಗಾರರಾಗಿದ್ದ ಜಯಚಾಮರಾಜ ಒಡೆಯರು 1952ರಲ್ಲೇ ಭಾರತೀಯ ವನ್ಯಜೀವಿ ಮಂಡಳಿಯ ಮೊದಲ ಅಧ್ಯಕ್ಷರಾಗಿದ್ದರು. 1973ರಲ್ಲೇ ಬಂದ "ಗಂಧದ ಗುಡಿ"ಯಲ್ಲಿ ಕನ್ನಡದ ನಾಯಕ ಅರಣ್ಯಾಧಿಕಾರಿಯಾದ. ಕೊನೆಯ ಖೆಡ್ಡಾ 1971ರಲ್ಲಿ ಮುಗಿದಿತ್ತು. ಮೂರು ವರ್ಷದಲ್ಲಿ ಕಬಿನಿ ಅಣೆಕಟ್ಟು ಎದ್ದು ಹೊಳೆದಂಡೆಯ ಕಾಡು ನೀರಿನಡಿ ಹೋಯಿತು. ಬೇಟೆಯನ್ನು ಬಿಟ್ಟವರ ಗೌರವಕ್ಕೆ ಕುಂದು ಬರಲಿಲ್ಲ. ಫೋಟೊದ ಅಂಚಿನಲ್ಲಿ ನಿಂತಿದ್ದವರಿಗೆ ಮಾತ್ರ ಕಾಡೇ ತಪ್ಪಿತು. ನಾಗರಹೊಳೆಯ ಒಳಗಿನ ಹಾಡಿಗಳಿಂದ ಎಷ್ಟೋ ಜೇನುಕುರುಬ ಕುಟುಂಬಗಳು ಹೊರಬಿದ್ದು ಕೊಡಗಿನ ಕಾಫಿ ತೋಟಗಳ ಲೈನ್‌ಮನೆ ಸೇರಿದವು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕು ಕೇಳುವ ಕೆಲಸ ಈಗಲೂ ಮುಗಿದಿಲ್ಲ. ಹಕ್ಕು ಕೇಳುವವರು ತಮ್ಮ ಹಿರಿಯರು ಅಲ್ಲಿದ್ದರೆಂದು ತೋರಿಸಬೇಕು. ಅವರು ಅಲ್ಲಿದ್ದದ್ದನ್ನು ಕಂಡ ಕ್ಯಾಮೆರಾ ಅವರ ಹೆಸರು ಬರೆದುಕೊಳ್ಳಲಿಲ್ಲ.

2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪದಕಗಳು ಕರ್ನಾಟಕದಲ್ಲಿ ಸುದ್ದಿಯಾದಾಗ ಅನೇಕ ಮನೆಗಳಲ್ಲಿ ಅಟ್ಟದ ಪೆಟ್ಟಿಗೆಗಳು ತೆರೆದವು. ದಾಖಲೆಯಿಲ್ಲದ ಉಗುರು, ಚರ್ಮ, ಕೊಂಬು ಇಟ್ಟುಕೊಳ್ಳುವುದು ಅಪರಾಧ. ಫೋಟೊಗೆ ಆ ಭಯವಿಲ್ಲ. ಬೇಟೆಯಿಂದ ನೆಮ್ಮದಿಯಾಗಿ ಇಟ್ಟುಕೊಳ್ಳಬಹುದಾದ ಕೊನೆಯ ವಸ್ತು ಅದು. ಅದಕ್ಕೇ ಹಂಬಲವೆಲ್ಲ ಅಲ್ಲಿಗೆ ಬಂದು ಸೇರಿದೆ.

ಆ ಹಂಬಲದಲ್ಲಿ ಹುಲಿ ಕೊಲ್ಲುವ ಆಸೆ ಇರುವುದು ಅಪರೂಪ. ಕೆದಂಬಾಡಿ ಜತ್ತಪ್ಪ ರೈಗಳ "ಬೇಟೆಯ ನೆನಪುಗಳು", ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆ್ಯಂಡರ್ಸನ್ನರ ಕತೆಗಳು ಇಂದಿಗೂ ಓದಿಸಿಕೊಳ್ಳುವುದು ಕೊಂದ ಲೆಕ್ಕಕ್ಕಲ್ಲ. ಮಣ್ಣಿನ ಮೇಲಿನ ಗುರುತು ಓದುವುದು, ಹಕ್ಕಿಯ ಕೂಗಿನಿಂದ ಅಪಾಯ ತಿಳಿಯುವುದು, ಗಾಳಿ ನೋಡಿ ಕೂರುವ ಜಾಗ ಆರಿಸುವುದು, ಹಳು ನುಗ್ಗುವವನು ಕಾಣದ ಜೊತೆಗಾರನನ್ನು ನಂಬುವುದು: ಕಳೆದದ್ದು ಇವು. ಫೋಟೊದಲ್ಲಿ ಇವು ಯಾವುವೂ ಇಲ್ಲ. ಇವನ್ನು ಹೆಚ್ಚು ಬಲ್ಲವರು ಅಂಚಿನಲ್ಲಿ ನಿಂತಿದ್ದಾರೆ.

ಊರಲ್ಲಿ ಎಂಬತ್ತು, ತೊಂಬತ್ತು ದಾಟಿದ ಒಬ್ಬಿಬ್ಬರು ಇನ್ನೂ ಇರಬಹುದು. ಗೋಡೆಯಿಂದ ಆ ಚಿತ್ರವನ್ನು ಇಳಿಸಿ, ಅವರ ಮುಂದಿಟ್ಟು, ಎಡಗಡೆಯ ಕೊನೆಯವನು ಯಾರು, ಯಾವ ಹಾಡಿಯವನು, ಹುಲಿ ಇರುವ ಜಾಗ ತೋರಿಸಿದ್ದು ಯಾರು ಎಂದು ಕೇಳಬಹುದು. ಸಿಕ್ಕ ಹೆಸರನ್ನು ಚಿತ್ರದ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದಿಡಬಹುದು. ಪೆನ್ನಿನ ಶಾಯಿ ಮುಂದಕ್ಕೆ ಒಸರುತ್ತದೆ.